ವ್ಯಾಧಿಯೂ ದೋಷವೂ

ಮನುಷ್ಯನ ಶರೀರಕ್ಕೆ ವ್ಯಾಧಿಯು ಬಂದಾಗ ಮನೆಯವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಒಮ್ಮೆಲೇ ಏಳುತ್ತವೆ. ಇದಕ್ಕೆ ಔಷಧವೇನು ಎಂಬುದು ಒಂದು. ಇದು ಯಾರಿಂದ ಬಂತು ಎಂಬುದು ಇನ್ನೊಂದು. ವಿಷಮಜ್ವರ, ಕಾಮಾಲೆಗಳಂತಹ ಬೇನೆಗಳಲ್ಲಿ ಮೊದಲನೆಯ ಪ್ರಶ್ನೆಯೇ ಮುಖ್ಯವಾಗಿ, ಎರಡನೆಯದು ಬಾವಿಯ ನೀರಿನ ಮೇಲೆಯೋ ಜಾತ್ರೆಯ ಊಟದ ಮೇಲೆಯೋ ಹೊರಿಸಲ್ಪಟ್ಟು ಅಲ್ಲಿಗೇ ತಣ್ಣಗಾಗುವದು. ಆದರೆ ಕೆಲವು ವ್ಯಾಧಿಗಳಲ್ಲಿ ಎರಡನೆಯ ಪ್ರಶ್ನೆಯು ಮೊದಲನೆಯದನ್ನು ನುಂಗಿಬಿಡುವದು. ಹಿಂದೆ ಕುಷ್ಠವು ಅಂಥದಾಗಿತ್ತು. ಕ್ಷಯವೂ ಕೆಲಮಟ್ಟಿಗೆ ಅಂಥದಾಗಿತ್ತು. ಕಳೆದ ನಾಲ್ಕು ದಶಕಗಳಲ್ಲಿ ಆ ಪೀಠವನ್ನೇರಿ ಕುಳಿತಿರುವದು ಎಚ್‌.ಐ.ವಿ. ಎಂಬ ಸೋಂಕು. ಈ ಸೋಂಕಿಗೆ ಔಷಧವುಂಟು ಎಂಬುದನ್ನು ಬಲ್ಲ ಮನೆಗಳಲ್ಲಿ ಕೂಡ, ಇದು ಯಾರಿಂದ ಬಂತು ಎಂಬ ಪ್ರಶ್ನೆಯು ಇನ್ನೂ ಬಾಗಿಲು ಕಾಯುತ್ತಿರುವದು. ಮತ್ತು ಅದಕ್ಕೆ ದೊರೆಯುವ ಉತ್ತರವು ಬಹುತರವಾಗಿ ಒಂದೇ ಆಗಿರುವದು. ಹೆಂಗಸಿನಿಂದ ಬಂತು!

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಜುಗೂಳವು ಕೃಷ್ಣೆಯ ದಂಡೆಯ ಮೇಲಿನ ಊರು. ಹೊಳೆಯ ಆಚೆಗೆ ಮಹಾರಾಷ್ಟ್ರದ ಖಿದ್ರಾಪುರವೂ ಅಲ್ಲಿಯ ಕೋಪೇಶ್ವರನ ಪ್ರಾಚೀನ ಶಿಲಾದೇವಾಲಯವೂ ಇವೆ. ದಕ್ಷನ ಯಜ್ಞದಲ್ಲಿ ಸತಿಯನ್ನು ಕಳೆದುಕೊಂಡ ಶಿವನ ಕೋಪವು ಅಲ್ಲಿ ನೆಲೆಗೊಂಡಿತೆಂದು ಜನರ ನಂಬಿಗೆ. ಸುತ್ತಲಿನದು ಕಬ್ಬಿನ ಸೀಮೆ. ಉಗಾರದ ಸಕ್ಕರೆ, ನಿಪ್ಪಾಣಿಯ ತಂಬಾಕು, ಇಚಲಕರಂಜಿಯ ಮಗ್ಗ, ಸಾಂಗಲಿಯ ಅರಿಷಿಣದ ಪೇಟೆ ಇವೆಲ್ಲ ಒಂದೇ ದಿನದ ಪ್ರಯಾಣದೊಳಗಿನವು. ಸಂತೆ, ಬೀಗತನ, ಆಸ್ಪತ್ರೆಗಳು ಎರಡು ರಾಜ್ಯಗಳ ಗಡಿಯನ್ನು ಲೆಕ್ಕಿಸುವದಿಲ್ಲ. ದುಡಿಮೆಗಾಗಿ ಗಂಡಸರು ತಿಂಗಳುಗಟ್ಟಲೆ ಮನೆ ಬಿಟ್ಟಿರುವದೂ, ಲಾರಿಗಳು ಹಗಲಿರುಳು ಓಡಾಡುವದೂ ಇಂಥ ಸೀಮೆಯ ಸಹಜಧರ್ಮ. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ನೆರೆಯ ಸಾಂಗಲಿಯೂ ದೇಶದಲ್ಲಿ ಈ ಸೋಂಕು ಅಧಿಕವಾಗಿದ್ದ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಅನಂತರ ಅದರ ಪ್ರಮಾಣವು ಇಳಿದಿರುವದು ಸಂತೋಷದ ಸಂಗತಿ. ಆದರೆ ಅಂಕಿಗಳು ಇಳಿದಷ್ಟು ಬೇಗನೆ ಆಡಿಕೊಳ್ಳುವವರ ನಾಲಗೆಯು ಇಳಿಯುವದಿಲ್ಲ. ಇಂದಿಗೂ ಇದಕ್ಕೆ ಹೆಸರಿಟ್ಟು ಕರೆಯುವವರು ಕಡಿಮೆ. ‘ಆ ಬ್ಯಾನಿ’ ಎಂದರೆ ಸಾಕು, ಎಲ್ಲರಿಗೂ ತಿಳಿಯುವದು.

ಇಂಥ ಸೀಮೆಯ ಯಾವುದೋ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮದುವೆಯಾಗಿ ವರುಷ ತುಂಬಿಲ್ಲ, ಸೊಸೆಯು ಬಸುರಿಯಾಗಿರುವಳು. ಅತ್ತೆಯೇ ಮುಂದಾಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಳು. ಗರ್ಭಿಣಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯಲ್ಲಿ ಇದೂ ಒಂದು. ಕೂಸಿಗೆ ಸೋಂಕು ತಗಲದಂತೆ ಕಾಯುವದಕ್ಕಾಗಿ ಸರಕಾರವು ಏರ್ಪಡಿಸಿದ ಈ ಪರೀಕ್ಷೆಯು ಬಹು ಹಿತವಾದದ್ದೆಂಬುದರಲ್ಲಿ ಸಂಶಯವಿಲ್ಲ. ಚಿಕಿತ್ಸೆಯಿಲ್ಲದಿದ್ದಲ್ಲಿ ನೂರು ಕೂಸುಗಳಲ್ಲಿ ಹದಿನೈದರಿಂದ ನಾಲ್ವತ್ತೈದಕ್ಕೆ ತಗಲಬಹುದಾದ ಸೋಂಕು, ಸಕಾಲದ ಔಷಧದಿಂದ ನೂರಕ್ಕೆ ಐದಕ್ಕಿಂತ ಕೆಳಗಿಳಿಯುವದು. ಆದರೆ ಈ ಹಿತದ ಬೆನ್ನಿಗೆ ಒಂದು ಅಹಿತವು ಯಾರೂ ಬಯಸದೆ ಅಂಟಿಕೊಂಡು ಬಂದಿರುವದು. ಗಂಡಸು ಬಸುರಾಗುವದಿಲ್ಲ, ಆದಕಾರಣ ಅವನ ರಕ್ತವನ್ನು ತಾನಾಗಿಯೇ ಕೇಳುವ ಪ್ರಸಂಗವು ಬರುವದಿಲ್ಲ. ಇಬ್ಬರಲ್ಲಿಯೂ ಸೋಂಕಿರುವ ದಂಪತಿಗಳಲ್ಲಿ ಅದನ್ನು ಮೊದಲು ತಿಳಿಯುವವಳು ಬಹುಶಃ ಹೆಂಡತಿಯೇ. ಅವಳು ಮನೆಗೆ ತರುವದು ಒಂದು ಕಾಗದವನ್ನು. ಮನೆಯವರು ಮಾತ್ರ, ಅವಳು ವ್ಯಾಧಿಯನ್ನೇ ತಂದಳೆನ್ನುವರು.

ತಿಳಿದ ಕ್ರಮವನ್ನೇ ತಗಲಿದ ಕ್ರಮವೆಂದು ಎಣಿಸುವ ಈ ತರ್ಕವು ಎಷ್ಟು ಹುಸಿಯಾದದ್ದೆಂಬುದನ್ನು ತೋರಿಸಲು ನ್ಯಾಯಶಾಸ್ತ್ರದ ಪಾಂಡಿತ್ಯವು ಬೇಕಿಲ್ಲ. ಈ ಸೋಂಕು ಶರೀರದಲ್ಲಿ ಸೇರಿದ ಮೇಲೆ, ಔಷಧವಿಲ್ಲದೆ ಇದ್ದರೂ, ಎಂಟು ಹತ್ತು ವರುಷಗಳವರೆಗೆ ಹೊರಗೆ ಯಾವ ಚಿಹ್ನೆಯನ್ನೂ ತೋರಿಸದೆ ಇರಬಲ್ಲದು. ಇಂದು ಗಟ್ಟಿಮುಟ್ಟಾಗಿ ಗಳೆ ಹೊಡೆಯುತ್ತಿರುವವನ ರಕ್ತದಲ್ಲಿ ಅದು ಮದುವೆಯ ಪೂರ್ವದಿಂದಲೂ ಇರಬಹುದು. ದೀಪವನ್ನು ಮೊದಲು ಹಚ್ಚಿದವಳು ಕತ್ತಲೆಯನ್ನು ಉಂಟುಮಾಡಿದಳೆಂದು ಹೇಳಿದರೆ ಎಷ್ಟು ಸರಿಯಾದೀತೋ ಇದೂ ಅಷ್ಟೇ ಸರಿ. ಪುಣೆಯ ಗುಹ್ಯರೋಗ ಚಿಕಿತ್ಸಾಲಯಗಳಲ್ಲಿ ನಡೆದ ಒಂದು ಶೋಧವು 1997ರಲ್ಲಿ ಅಮೆರಿಕೆಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ವೇಶ್ಯಾವೃತ್ತಿಯಲ್ಲಿಲ್ಲದ 391 ಜನ ಸ್ತ್ರೀಯರಲ್ಲಿ ನೂರಕ್ಕೆ 13.6ರಷ್ಟು ಜನರಿಗೆ ಸೋಂಕು ಕಂಡುಬಂದಿತ್ತು. ಆ ಸ್ತ್ರೀಯರಲ್ಲಿ ಬಹುಪಾಲಿನವರು ತಮ್ಮ ಗಂಡನ ಹೊರತಾಗಿ ಅನ್ಯಪುರುಷನನ್ನು ಅರಿತವರಲ್ಲ. ಪಾತಿವ್ರತ್ಯವು ಸ್ತ್ರೀಯನ್ನು ಸಕಲ ಕೇಡುಗಳಿಂದ ಕಾಯುವದೆಂದು ಸಾವಿರ ವರುಷಗಳಿಂದ ಹೇಳುತ್ತ ಬಂದ ಸಮಾಜಕ್ಕೆ ಈ ಒಂದು ಸಂಖ್ಯೆಯು ಸಾಕಷ್ಟು ಲಜ್ಜೆಯನ್ನು ಹುಟ್ಟಿಸಬೇಕಾಗಿತ್ತು. ಹುಟ್ಟಿಸಿತೆಂದು ಹೇಳಲು ಆಧಾರವಿಲ್ಲ.

ಅದರ ಬದಲಿಗೆ ಸಮಾಜವು ತನ್ನ ಹಳೆಯ ಪೆಟ್ಟಿಗೆಯೊಳಗಿಂದ ‘ಕಾಲ್ಗುಣ’ ಎಂಬ ಶಬ್ದವನ್ನು ಹೊರತೆಗೆಯಿತು. “ನಮ್ಮ ಹುಡುಗಗ ಏನೂ ಇದ್ದಿದ್ದಿಲ್ಲ, ಇಕಿ ಕಾಲಿಟ್ಟ ಮ್ಯಾಲ ಆತು” ಎಂಬ ಮಾತಿನಲ್ಲಿ ವೈದ್ಯನು ಖಂಡಿಸಬಲ್ಲ ಯಾವ ವಾದವೂ ಇಲ್ಲ. ಏಕೆಂದರೆ ಅದು ವಾದವೇ ಅಲ್ಲ, ತೀರ್ಪು. ಆ ಮಾತನ್ನಾಡುವ ಅತ್ತೆಯನ್ನು ಕ್ರೂರಿಯೆಂದು ಬಗೆಯುವದು ಸುಲಭ. ಆದರೆ ಅವಳೂ ಒಮ್ಮೆ ಆ ಹೊಸ್ತಿಲ ಮೇಲೆ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದವಳು; ತಾನು ಹೆತ್ತು ಸಾಕಿದ ಮಗನು ಹೊರಗೆ ಏನು ಮಾಡಿದನೆಂಬುದನ್ನು ನಂಬಿದರೆ ತನ್ನ ಬಾಳೇ ಸುಳ್ಳಾದೀತೆಂಬ ಭಯವು ಅವಳದು. ಸೊಸೆಯನ್ನು ದೂರುವದು ಆ ಭಯಕ್ಕೆ ಅವಳು ಕಂಡುಕೊಂಡ ಅಗ್ಗದ ಔಷಧ. ಹೀಗೆ ಒಬ್ಬ ಹೆಂಗಸಿನ ದುಃಖವನ್ನು ಇನ್ನೊಬ್ಬ ಹೆಂಗಸಿನ ತಲೆಯ ಮೇಲೆ ಇಳಿಸಿ, ನಡುವೆ ನಿಂತ ಗಂಡಸು ಮಾತಿಲ್ಲದೆ ಪಾರಾಗುವದು ಈ ವ್ಯಾಧಿಯೊಂದರಲ್ಲಿಯೇ ಕಾಣುವ ಸಂಗತಿಯಲ್ಲ.

ಗಂಡನು ಹಾಸಿಗೆ ಹಿಡಿದನೆಂದರೆ ಅವನ ಸೇವೆಯನ್ನು ಮಾಡುವವಳು ಇದೇ ಹೆಂಡತಿ. ತನ್ನ ಮೈಯಲ್ಲಿಯೂ ಅದೇ ಬೇನೆಯನ್ನು ಇಟ್ಟುಕೊಂಡು ಅವಳು ರಾತ್ರಿಯೆಲ್ಲ ಎಚ್ಚರಿರುವಳು, ಹೊಲಸನ್ನು ಬಳಿಯುವಳು, ಮೈಮೇಲಿನ ಬಂಗಾರವನ್ನು ಮಾರಿ ಔಷಧವನ್ನು ತರುವಳು. ಆಗ ಊರವರು ಅವಳನ್ನು ಸತಿಯೆಂದು ಹೊಗಳುವದೂ ಉಂಟು. ಆ ಹೊಗಳಿಕೆಯ ಆಯುಷ್ಯವು ಗಂಡನ ಆಯುಷ್ಯದಷ್ಟೇ. ಅವನ ದಿನಕರ್ಮಗಳು ಮುಗಿದ ಮೇಲೆ ಅವಳ ಗಂಗಾಳವೂ ತಂಬಿಗೆಯೂ ಬೇರೆಯಾಗುವವು. ಮೈದುನನ ಮಕ್ಕಳನ್ನು ಎತ್ತಿಕೊಳ್ಳಬಾರದೆಂಬ ಸನ್ನೆಯಾಗುವದು. ಕಡೆಗೆ ತವರುಮನೆಯ ದಾರಿಯನ್ನು ತೋರಿಸಲಾಗುವದು. ಕರ್ನಾಟಕವನ್ನೊಳಗೊಂಡು ಆರು ರಾಜ್ಯಗಳಲ್ಲಿ ನಡೆದು 2006ರಲ್ಲಿ ಹೊರಬಂದ ಒಂದು ಸಮೀಕ್ಷೆಯಲ್ಲಿ, ಸೋಂಕುಳ್ಳ ವಿಧವೆಯರಲ್ಲಿ ಬಹುಪಾಲಿನವರು ಗಂಡನ ಮನೆಯಲ್ಲಿ ಉಳಿದಿರಲಿಲ್ಲವೆಂದೂ, ಅವನ ಆಸ್ತಿಯಲ್ಲಿ ಅವರಿಗೆ ಪಾಲು ದೊರೆತಿರಲಿಲ್ಲವೆಂದೂ ಕಂಡುಬಂದಿತು. ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ ಈ ಸೋಂಕು ತಗಲದೆಂಬುದು ಅಷ್ಟರೊಳಗೆ ಶಾಲೆಯ ಮಕ್ಕಳಿಗೂ ತಿಳಿದಿತ್ತು. ಹೊಲದ ಪಾಲನ್ನು ಕೊಡದಿರುವದಕ್ಕೆ ಸೋಂಕಿನ ಭಯವು ಹೇಗೆ ಕಾರಣವಾಯಿತೆಂಬುದನ್ನು ಬಲ್ಲವರೇ ಹೇಳಬೇಕು.

ಸವದತ್ತಿಯ ಎಲ್ಲಮ್ಮನ ಕಥೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಮಳಲಿನ ಕೊಡದಲ್ಲಿ ಹಾವಿನ ಸಿಂಬೆಯ ಮೇಲೆ ದಿನವೂ ನೀರು ತರುತ್ತಿದ್ದ ರೇಣುಕೆಯ ಚಿತ್ತವು ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದವರನ್ನು ಕಂಡು ಕ್ಷಣಕಾಲ ಕದಲಿತು, ಕೊಡವು ನಿಲ್ಲಲಿಲ್ಲ. ಬರಿಗೈಯಿಂದ ಬಂದ ಹೆಂಡತಿಯನ್ನು ಕಂಡು ಜಮದಗ್ನಿಯು ಶಪಿಸಿದನು. ಅವಳ ಮೈಗೆ ಹೀನವ್ಯಾಧಿಯು ಅಡರಿತು. ಅವಳು ಮನೆಯಿಂದ ಹೊರಬಿದ್ದಳು. ಅಡವಿಯಲ್ಲಿ ಏಕಯ್ಯ ಜೋಗಯ್ಯರೆಂಬ ಸಿದ್ಧರ ಮಾತಿನಂತೆ ಸ್ನಾನಮಾಡಿ ಅವಳು ಗುಣ ಹೊಂದಿದಳು. ಇಂದಿಗೂ ಭಕ್ತರು ಮೊದಲು ಜೋಗುಳಬಾವಿಯಲ್ಲಿ ಮಿಂದು ಮುಂದೆ ಗುಡ್ಡಕ್ಕೆ ಹೋಗುವರು. ಕಥೆಯ ಈ ಭಾಗವನ್ನು ಎಲ್ಲರೂ ಭಕ್ತಿಯಿಂದ ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ಮಾತ್ರ ಪರಶುರಾಮನ ಪಿತೃಭಕ್ತಿಯನ್ನು ಕೊಂಡಾಡುವ ಭರದಲ್ಲಿ ಬೇಗ ಬೇಗನೆ ದಾಟಿಬಿಡುತ್ತಾರೆ. ಗುಣಹೊಂದಿದ ರೇಣುಕೆಯು ಹಿಂದಿರುಗಿ ಗಂಡನ ಮನೆಗೇ ಬಂದಳು. ವ್ಯಾಧಿಯು ಹೋಗಿತ್ತು, ಕೋಪವು ಹೋಗಿರಲಿಲ್ಲ. ಅವಳ ಶಿರಸ್ಸನ್ನು ಕಡಿಯಲು ಅಪ್ಪಣೆಯಾದದ್ದು ಅವಳು ರೋಗಿಯಾಗಿದ್ದಾಗಲ್ಲ, ಗುಣಹೊಂದಿ ಬಂದ ಮೇಲೆ. ವರುಷಕ್ಕೊಮ್ಮೆ ಆ ದೇವಿಯ ಮುಂದೆ ಹಣೆಯನ್ನು ಹಚ್ಚುವ ಮನೆತನಗಳೇ, ಮೈಯಲ್ಲಿ ಬೇನೆಯುಳ್ಳ ಸೊಸೆಯನ್ನು ಹೊರಗೆ ಹಾಕುವಾಗ ತಾವು ಆ ಕಥೆಯಲ್ಲಿ ಯಾರ ಪಾತ್ರವನ್ನು ವಹಿಸುತ್ತಿರುವೆವೆಂದು ವಿಚಾರಿಸುವದಿಲ್ಲ.

ಇನ್ನು ಕಠಿಣವಾದ ಪ್ರಶ್ನೆಯೊಂದುಂಟು. ಸೋಂಕಿದೆಯೆಂದು ತಿಳಿದ ಹೆಂಡತಿಯು ಅದನ್ನು ಗಂಡನಿಗೆ ಹೇಳಲೇಬೇಕೇ? ಸತ್ಯವನ್ನು ಮರೆಮಾಡುವದು ಧರ್ಮವೇ? ಹರಿಶ್ಚಂದ್ರನ ಕಥೆಯನ್ನು ಕೇಳುತ್ತ ಬೆಳೆದ ನಾಡಿನಲ್ಲಿ ಈ ಪ್ರಶ್ನೆಗೆ ಉತ್ತರವು ಸಿದ್ಧವಾಗಿಯೇ ಇರುವಂತೆ ತೋರುವದು. ಪುಣ್ಯಕೋಟಿಯೆಂಬ ಗೋವು ಕೂಡ ತನ್ನ ಪ್ರಾಣಕ್ಕೆ ಎರವಾಗುವದೆಂದು ತಿಳಿದೂ ಕೊಟ್ಟ ಮಾತಿನಂತೆ ಹುಲಿಯ ಗವಿಗೆ ಹಿಂದಿರುಗಿ ಹೋಗಲಿಲ್ಲವೇ? ಹೋಯಿತು, ನಿಜ. ಆದರೆ ಆ ಕಥೆಯಲ್ಲಿ ಹುಲಿಯ ಭಾಗವನ್ನು ಮರೆಯುವದು ತಕ್ಕುದಲ್ಲ. ಅಲ್ಲಿ ಸತ್ಯವನ್ನು ಕೇಳಿದ ಹುಲಿಗೆ ಮನಸ್ಸು ಕರಗಿತು. ಸತ್ಯವಂತಳನ್ನು ತಿನ್ನುವದಕ್ಕಿಂತ ತನ್ನ ಪ್ರಾಣವನ್ನು ಬಿಡುವದೇ ಮೇಲೆಂದು ಅದಕ್ಕೆ ತೋರಿತು. ಕೇಳುವವನಲ್ಲಿ ಅಷ್ಟು ಅಂತಃಕರಣವಿರುವಲ್ಲಿ ಸತ್ಯವನ್ನು ಹೇಳುವದು ಕಷ್ಟವಾದರೂ ಸಾಧ್ಯ. ಸತ್ಯವನ್ನು ಕೇಳಿ ತಿಂದೇಬಿಡುವ ಹುಲಿಯ ಮುಂದೆ ಗೋವಿನ ಕರ್ತವ್ಯವೇನೆಂಬುದನ್ನು ಆ ಕಥೆಯು ಹೇಳಿಲ್ಲ. ಮನೆಯಲ್ಲಿ ಕಾಯುತ್ತಿರುವ ಕರುವಿನ ಮಾತು ಹಾಗಿರಲಿ.

ಈ ಪ್ರಶ್ನೆಯು ಕಥೆಗಳಲ್ಲಷ್ಟೇ ಅಲ್ಲ, ನ್ಯಾಯಾಲಯಗಳಲ್ಲಿಯೂ ಚರ್ಚಿತವಾಗಿದೆ. ಮದುವೆಯು ನಿಶ್ಚಯವಾಗಿದ್ದ ಒಬ್ಬ ಪುರುಷನ ಸೋಂಕಿನ ವಾರ್ತೆಯು ಆಸ್ಪತ್ರೆಯಿಂದ ಹೊರಬಿದ್ದು, ಮದುವೆಯು ಮುರಿದು, ಅವನು ಗುಟ್ಟು ರಟ್ಟಾದುದಕ್ಕೆ ಪರಿಹಾರವನ್ನು ಬೇಡಿದಾಗ, 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯನ ಮೌನಕ್ಕೂ ಒಂದು ಮೇರೆಯುಂಟೆಂದೂ, ಮದುವೆಯಾಗಲಿದ್ದ ಕನ್ಯೆಯ ಜೀವವು ಅದಕ್ಕಿಂತ ದೊಡ್ಡದೆಂದೂ ತೀರ್ಮಾನಿಸಿತು. ಆ ತೀರ್ಪಿನಲ್ಲಿ ಸೋಂಕುಳ್ಳವರ ವಿವಾಹದ ಹಕ್ಕಿನ ಬಗೆಗೆ ಆಡಿದ ಮಾತುಗಳು ಅನಾವಶ್ಯಕವಾಗಿದ್ದವೆಂದು ಅದೇ ನ್ಯಾಯಾಲಯವು 2002ರಲ್ಲಿ ಸ್ಪಷ್ಟಪಡಿಸಿತು. ಕನ್ಯೆಯನ್ನು ಕಾಯುವ ಮಾತು ನ್ಯಾಯವಾದದ್ದೇ. ಆದರೆ ತಾಳಿ ಕಟ್ಟಿಸಿಕೊಂಡು ಒಳಗೆ ಬಂದ ಮೇಲೆ, ತಾನೇ ಸೋಂಕುಳ್ಳವಳೆಂದು ತಿಳಿದ ಹೆಣ್ಣನ್ನು ಯಾರು ಕಾಯುವರು? 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರ 10ರಿಂದ ಜಾರಿಗೆ ಬಂದ ಎಚ್‌.ಐ.ವಿ. ಮತ್ತು ಏಡ್ಸ್ ಕಾಯಿದೆಯು ಈ ಪ್ರಶ್ನೆಯನ್ನು ಕಣ್ಣೆತ್ತಿ ನೋಡಿರುವದು. ಸೋಂಕುಳ್ಳವರು ತಮ್ಮ ಸಂಗಾತಿಗೆ ಅದು ತಗಲದಂತೆ ಎಚ್ಚರವಹಿಸತಕ್ಕದ್ದು. ಅವರು ತಾವಾಗಿ ಹೇಳದಿದ್ದಲ್ಲಿ ವೈದ್ಯನು ಕೆಲವು ನಿಯಮಗಳಿಗೊಳಪಟ್ಟು ಸಂಗಾತಿಗೆ ತಿಳಿಸಬಹುದು. ಆದರೆ ಹಾಗೆ ತಿಳಿಸುವದರಿಂದ ಅವರಿಗೆ, ವಿಶೇಷತಃ ಹೆಂಗಸಿಗೆ, ಹೊಡೆತ ಬಡಿತಗಳೋ ಪರಿತ್ಯಾಗವೋ ಒದಗುವದೆಂಬ ಸಕಾರಣವಾದ ಭಯವಿದ್ದಲ್ಲಿ ಅವನು ತಿಳಿಸತಕ್ಕದ್ದಲ್ಲ. ಸೋಂಕುಳ್ಳವರನ್ನು ವಾಸದ ಮನೆಯಿಂದ ಹೊರಗೆ ಹಾಕಕೂಡದೆಂಬ ಮಾತೂ ಆ ಕಾಯಿದೆಯಲ್ಲಿದೆ.

ಹೆಂಗಸಿಗೆ ಸುಳ್ಳಿನ ಪರವಾನಿಗೆಯನ್ನು ಕೊಟ್ಟಂತಾಯಿತೆಂದು ಇದನ್ನು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಹುರುಳಿಲ್ಲದ್ದಲ್ಲ. ಗಂಡನಿಗೆ ಸೋಂಕಿಲ್ಲದೆ ಹೆಂಡತಿಗೆ ಮಾತ್ರ ಇರುವ ಮನೆಗಳೂ ಉಂಟು. ಅವನದೂ ಒಂದು ಜೀವವೇ. ಅವನು ತಿಳಿಯದೆ ಅಪಾಯದ ಮಗ್ಗುಲಲ್ಲಿ ಮಲಗುವದನ್ನು ಯಾವ ಧರ್ಮವೂ ಒಪ್ಪಲಾರದು. ಆದರೆ ಕಾಯಿದೆಯು ಮೌನವನ್ನು ಸದ್ಗುಣವೆಂದು ಹೊಗಳಿಲ್ಲ; ಸತ್ಯವನ್ನು ಹೇಳಿದವಳನ್ನು ಬೀದಿಗೆ ನೂಕುವ ಮನೆಗೆ ಆ ಸತ್ಯವನ್ನು ಬಲಾತ್ಕಾರದಿಂದ ಪಡೆಯುವ ಅಧಿಕಾರವಿಲ್ಲವೆಂದಷ್ಟೇ ಹೇಳಿರುವದು. ಸಾಲ ಕೊಟ್ಟವನು ಕೇಳುವಂತೆ ಸತ್ಯವನ್ನು ಕೇಳುವವನು ತಾನು ಏನನ್ನು ಕೊಟ್ಟಿರುವನೆಂಬುದನ್ನೂ ನೋಡಿಕೊಳ್ಳಬೇಕು. ಅದೂ ಅಲ್ಲದೆ, ವೈದ್ಯವಿಜ್ಞಾನವು ಈ ಧರ್ಮಸಂಕಟದ ಗಂಟನ್ನು ಅರ್ಧದಷ್ಟು ಸಡಿಲಿಸಿಬಿಟ್ಟಿದೆ. ಒಂಬತ್ತು ದೇಶಗಳ 1,763 ಜೋಡಿಗಳ ಮೇಲೆ ನಡೆದ ಒಂದು ಮಹಾಪ್ರಯೋಗವು, ಅದರಲ್ಲಿ ಭಾರತದ ಜೋಡಿಗಳೂ ಇದ್ದವು, ಸೋಂಕುಳ್ಳವರು ಬೇಗನೆ ಔಷಧವನ್ನು ಆರಂಭಿಸಿದರೆ ಸಂಗಾತಿಗೆ ತಗಲುವ ಸಂಭವವು ನೂರಕ್ಕೆ 96ರಷ್ಟು ತಗ್ಗುವದೆಂದು 2011ರಲ್ಲಿ ತೋರಿಸಿಕೊಟ್ಟಿತು. ಔಷಧದಿಂದ ರಕ್ತದಲ್ಲಿಯ ವಿಷಾಣುಗಳು ಪರೀಕ್ಷೆಗೆ ಸಿಕ್ಕದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಸಂಭೋಗದಿಂದ ಸೋಂಕು ತಗಲುವದೇ ಇಲ್ಲವೆಂಬುದು ಅನಂತರ ಸ್ಥಿರಪಟ್ಟಿತು. ಈ ಔಷಧಗಳನ್ನು ಸರಕಾರವು 2004ರ ಏಪ್ರಿಲದಿಂದ ಧರ್ಮಾರ್ಥವಾಗಿ ಕೊಡುತ್ತ ಬಂದಿರುವದು. ದಿನವೂ ತಪ್ಪದೆ ಗುಳಿಗೆಯನ್ನು ನುಂಗುವ ಹೆಂಗಸು ಬಾಯಿಂದ ಹೇಳಲಾರದುದನ್ನು ತನ್ನ ಕೃತಿಯಿಂದ ನೆರವೇರಿಸುವಳೆನ್ನಬಹುದು.

ಎನ್ನಬಹುದು; ಆದರೆ ಗುಟ್ಟಿಗೂ ಗುಳಿಗೆಗೂ ಕೂಡಿಬರುವದಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಚೀಟಿ ಹರಿದು ಬಚ್ಚಿಟ್ಟ ಗುಳಿಗೆಯು ಬೀಗರು ಬಂದ ದಿನ ತಪ್ಪುವದು. ಹಬ್ಬದ ಸಡಗರದಲ್ಲಿ ತಪ್ಪುವದು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ಹೊಸ ನೆವವು ಹುಟ್ಟದಿದ್ದಾಗ ತಪ್ಪುವದು. 2019ರಲ್ಲಿ ಮತ್ತು 2021ರಲ್ಲಿ ಕೃಷ್ಣೆಗೆ ಮಹಾಪೂರವು ಬಂದು ದಂಡೆಯ ಊರುಗಳ ಜನರು ಮನೆಮಾರುಗಳನ್ನು ಬಿಟ್ಟು ಪರಿಹಾರಕೇಂದ್ರಗಳನ್ನು ಸೇರಿದರು. ಶಾಲೆಯ ಒಂದೇ ಕೋಣೆಯಲ್ಲಿ ಹತ್ತು ಸಂಸಾರಗಳು ಮಲಗುವಲ್ಲಿ ಗುಟ್ಟನ್ನು ಇಟ್ಟುಕೊಂಡ ಹೆಂಗಸು ಗುಳಿಗೆಯನ್ನು ಯಾವ ಕತ್ತಲೆಯಲ್ಲಿ ನುಂಗಬೇಕು? ಹೀಗಾಗಿ ಯಾರ ಭಯದಿಂದ ಅವಳು ಸತ್ಯವನ್ನು ಅಡಗಿಸುವಳೋ ಅವರಿಗೇ ಆ ಅಡಗಿಸುವಿಕೆಯಿಂದ ಕೇಡು ಮರಳುವದು. ಮನೆಯು ಸತ್ಯಕ್ಕೆ ಜಾಗ ಮಾಡಿಕೊಡದಿದ್ದರೆ ಔಷಧಕ್ಕೂ ಜಾಗವಿರುವದಿಲ್ಲ.

ವಿಶ್ವಾಸವೆಂಬ ಗುಣವೂ ಈ ವ್ಯಾಧಿಯ ಸಂಗಡ ವಿಚಿತ್ರವಾಗಿ ವರ್ತಿಸುವದು. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಈ ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಹೊಟ್ಟೆಯ ಪಾಡಿಗಾಗಿ ಸಾಂಗಲಿಯಂತಹ ಪಟ್ಟಣಗಳನ್ನು ಸೇರಿದ ಕಥೆಯು ಹಳೆಯದು. ಆ ಸಮರ್ಪಣವನ್ನು ಕರ್ನಾಟಕದ 1982ರ ಕಾಯಿದೆಯು ನಿಷೇಧಿಸಿತು. ಸಾಂಗಲಿಯಲ್ಲಿ 1992ರಿಂದ ಕೆಲಸಮಾಡಿದ ‘ಸಂಗ್ರಾಮ’ ಸಂಸ್ಥೆಯ ಬೆಂಬಲದಿಂದ ಆ ವೃತ್ತಿಯ ಸ್ತ್ರೀಯರೇ 1996ರಲ್ಲಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷದ’ವನ್ನು ಕಟ್ಟಿಕೊಂಡು, ನಿರೋಧವಿಲ್ಲದೆ ಗಿರಾಕಿಯನ್ನು ಒಪ್ಪಕೂಡದೆಂದು ಒಬ್ಬರಿಗೊಬ್ಬರು ಒತ್ತಾಸೆಯಾಗಿ ನಿಂತರು. ಹೊರಗಿನವನಿಗೆ ಇಲ್ಲವೆನ್ನುವ ಧೈರ್ಯವು ಅವರಿಗೆ ಸಂಘದಿಂದ ಬಂತು. ಆದರೆ ವರ್ಷಗಟ್ಟಲೆ ನೆಚ್ಚಿಕೊಂಡ ಪುರುಷನೊಬ್ಬನಿರುವಲ್ಲಿ, ಗಿರಾಕಿಗೆ ಹೇಳುವ ಮಾತನ್ನು ಅವನಿಗೆ ಹೇಳಲು ನಾಲಗೆಯು ಏಳದು. ನಿರೋಧವನ್ನು ಕೇಳಿದರೆ ಅವನನ್ನೂ ಗಿರಾಕಿಯಾಗಿ ಎಣಿಸಿದಂತಾಗುವದು. ಪೇಟೆಯಲ್ಲಿ ಕಲಿತ ಎಚ್ಚರಿಕೆಯು ಪ್ರೀತಿಯ ಬಾಗಿಲಲ್ಲಿ ಸೋಲುವದು. ಕುಲೀನ ಗೃಹಿಣಿಯ ಸ್ಥಿತಿಯು ಇದಕ್ಕಿಂತ ಭಿನ್ನವೆಂದು ತಿಳಿಯುವವರು ತಪ್ಪು ತಿಳಿದಿರುವರು. ಅವಳಿಗೆ ಸಂಘದ ಬಲವೂ ಇಲ್ಲ. ಊರೂರು ತಿರುಗಿ ಬಂದ ಗಂಡನಿಗೆ ಅವಳು ನಿರೋಧದ ಮಾತನ್ನೆತ್ತಿದರೆ, ‘ನಿನ್ನ ಮೇಲೆ ನನಗೆ ಸಂಶಯವಿದೆ’ ಎಂದಂತಾಗುವದು, ಇಲ್ಲವೆ ‘ನನ್ನ ಮೇಲೆ ನೀವು ಸಂಶಯಪಡಿರಿ’ ಎಂದಂತಾಗುವದು. ಎರಡರಲ್ಲಿ ಒಂದನ್ನೂ ಹೇಳಲಾರದೆ ಅವಳು ಸುಮ್ಮನಿರುವಳು. ಆ ಸುಮ್ಮನಿರುವಿಕೆಗೆ ಲೋಕವು ಸುಶೀಲವೆಂದು ಹೆಸರಿಟ್ಟಿರುವದು.

ಹಾಗಾದರೆ ದೋಷವೆಲ್ಲ ಗಂಡನದೇ ಎಂದು ತೀರ್ಪುಕೊಟ್ಟು ಕೈ ತೊಳೆದುಕೊಳ್ಳುವದು ನ್ಯಾಯವಾದೀತೇ? ಅದೂ ಆತುರದ ಮಾತು. ತನಗೆ ಸೋಂಕಿದೆಯೆಂಬುದನ್ನು ನಿಜವಾಗಿ ಅರಿಯದವನು ಹೆಂಡತಿಗೆ ಕೇಡನ್ನು ಬಯಸಿದವನಲ್ಲ; ಅವನೂ ಒಬ್ಬ ರೋಗಿಯೇ, ಕರುಣೆಗೆ ಪಾತ್ರನೇ. ತಿಳಿಯದೆ ಮಾಡಿದುದಕ್ಕೂ ತಿಳಿದು ಮಾಡಿದುದಕ್ಕೂ ಧರ್ಮಶಾಸ್ತ್ರಗಳು ಬೇರೆ ಬೇರೆ ಪ್ರಾಯಶ್ಚಿತ್ತಗಳನ್ನು ಹೇಳುವದು ಇದಕ್ಕಾಗಿಯೇ. ಆದರೆ ಇವೆರಡರ ನಡುವೆ ಶಾಸ್ತ್ರಕಾರರು ಅಷ್ಟಾಗಿ ಗಮನಿಸದ ಮೂರನೆಯದೊಂದುಂಟು. ಅದು ತಿಳಿದುಕೊಳ್ಳಲು ಒಲ್ಲದಿರುವದು. ಹೆಂಡತಿಯ ಕಾಗದವು ಬಂದ ಮೇಲೂ ‘ನನಗೇನಾಗಿದೆ, ನಾನು ಗಟ್ಟಿಯಾಗಿದ್ದೇನೆ’ ಎಂದು ಪರೀಕ್ಷೆಗೆ ತೋಳನ್ನು ಚಾಚದವನು ಅಜ್ಞಾನಿಯಲ್ಲ. ಅವನು ಅಜ್ಞಾನವನ್ನು ಹೆಂಡತಿಯ ಖರ್ಚಿನಲ್ಲಿ ಕೊಂಡಿರುವನು. ಅವನು ಪರೀಕ್ಷೆಗೆ ಹೋಗದಿರುವಷ್ಟು ದಿನವೂ ಮನೆಯಲ್ಲಿ ಸೋಂಕುಳ್ಳವಳು ಅವಳೊಬ್ಬಳೇ; ದೋಷಿಯೂ ಅವಳೊಬ್ಬಳೇ. ಈ ಅನ್ಯಾಯಕ್ಕೆ ಬಡಿಗೆ ಬೇಕಿಲ್ಲ, ಬೈಗಳು ಬೇಕಿಲ್ಲ; ಸುಮ್ಮನೆ ಕಟ್ಟೆಯ ಮೇಲೆ ಕುಳಿತಿದ್ದರೆ ಸಾಕು.

ಬಸುರಿಯ ಜೊತೆಗೆ ಗಂಡನೂ ಬಂದು ರಕ್ತವನ್ನು ಕೊಡಬೇಕೆಂದು ಆಸ್ಪತ್ರೆಗಳಲ್ಲಿಯ ಸಮಾಲೋಚಕರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಕೇಳಿ ಬರುವವರೂ ಇಲ್ಲದಿಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಗಳಿಗೆಯಲ್ಲಿ, ಎರಡು ಕಾಗದಗಳನ್ನು ಕೈಗೆ ತೆಗೆದುಕೊಳ್ಳುವಲ್ಲಿ ಮೊದಲು ತಿಳಿದವರೆಂಬುವರು ಯಾರೂ ಉಳಿಯುವದಿಲ್ಲ. ಅನಂತರ ಅವರು ಅಳಬಹುದು, ಜಗಳವಾಡಬಹುದು, ಹಲವು ದಿನಗಳವರೆಗೆ ಮಾತು ಬಿಡಲೂಬಹುದು. ಆದರೆ ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ಅತ್ತೆಗೆ ಏನು ಹೇಳಬೇಕೆಂಬ ಚಿಂತೆಯು ಅವಳೊಬ್ಬಳದಾಗಿರುವದಿಲ್ಲ.